ಯಾವ ಹೆಸರು ಅಂತ ಕೇಳಿದ ಬಾವಿ

ಕಿಟಕಿ ಮುಚ್ಚಬೇಡಿ. ಹೆದರುವವರು ಚಾದರ ಹೊದ್ದುಕೊಳ್ಳಿ, ನಂಬದವರು ಎದ್ದು ಹೋಗಿ ಮಲಗಿ. ನಡುನಡುವೆ ಕಿಸಕ್ಕಂತ ನಗುವವರಿಗೆ ಮಾತ್ರ ನಾನು ಹೇಳುವುದಿಲ್ಲ. ಇದು ಯಾರೋ ಹೇಳಿದ್ದು ಇನ್ಯಾರೋ ಕೇಳಿದ್ದಲ್ಲ. ನನ್ನ ಚಿಕ್ಕಮ್ಮನ ಮಗಳು ಪೂನಮಳಿಗೆ ಆದದ್ದು. ಅರ್ಧ ಅವಳು ಹೇಳಿದ್ದು, ಇನ್ನರ್ಧ ನಾನೇ ಕಣ್ಣಾರೆ ಕಂಡದ್ದು.

ಪೂನಮಳ ಊರು ಭಾಲ್ಕಿ ತಾಲೂಕಿನ ಭಾತಂಬ್ರಾ. ಹೋದ ವರ್ಷ ಕಮಲನಗರದ ಅಜಿಂಕ್ಯನ ಜೊತೆ ಅವಳ ಮದುವೆ ಗೊತ್ತಾಗಿತ್ತು. ಹುಡುಗ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ತಕರಾರು ಇದ್ದದ್ದು ಒಂದೇ. ಆ ಮನೆತನದಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರು ಇಡುವ ಪದ್ಧತಿ. ಅತ್ತೆಯಾಗುವವರು ಅನ್ವಿತಾ ಅಂತ ಆರಿಸಿಟ್ಟಿದ್ದರು. ಇವಳು ಒಲ್ಲೆ ಅಂದಳು. ಇಪ್ಪತ್ತಮೂರು ವರ್ಷ ಪೂನಮ ಆಗಿ ಬೆಳೆದವಳು, ಬೀದರಿನಲ್ಲಿ ಬಿ.ಎಡ್. ಮುಗಿಸಿದವಳು. ಹಾಲಿನವನಿಂದ ಹಿಡಿದು ಪ್ರಿನ್ಸಿಪಾಲರ ತನಕ ಎಲ್ಲರೂ ಅವಳನ್ನು ಕರೆದದ್ದು ಪೂನಮ ಅಂತಲೇ.

"ಹೆಸರಿಗಿ ಏನ್ ಆಗ್ತದ?" ಅಂದರು ಅವಳ ಅಪ್ಪ, ಪ್ರಭಾಕರ ಚಿಕ್ಕಪ್ಪ. "ಸರ್ಟಿಫಿಕೇಟದಾಗ ಪೂನಮ ಇರ್ಲಿ. ಮನ್ಯಾಗ ಅವರು ಏನರ ಕರೀಲಿ."

"ನಾ ಇರೂದು ಮನ್ಯಾಗ ಅಪ್ಪಾ. ಸರ್ಟಿಫಿಕೇಟದಾಗ ಅಲ್ಲ."

ಚಿಕ್ಕಪ್ಪ ಟಿವಿಯ ಸದ್ದು ಜೋರು ಮಾಡಿದರು. ಇಷ್ಟು ಸಣ್ಣದಕ್ಕೆ ಮದುವೆ ಮುರಿದರೆ ಊರಲ್ಲಿ ಮುಖ ತೋರಿಸುವುದು ಹೇಗೆ ಅನ್ನುವ ಚಿಂತೆ ಅವರದು. ಹೆಸರು ಬಿಟ್ಟುಕೊಟ್ಟರೆ ಮುಂದೆ ಏನೇನು ಬಿಡಬೇಕಾದೀತು ಅನ್ನುವ ಚಿಂತೆ ಇವಳದು. ಆ ಮನೆಯಲ್ಲಿ ಒಂದು ತಿಂಗಳು ಯಾರೂ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ನಾನು ಮದುವೆ ಕೆಲಸಕ್ಕೆಂದು ಬೀದರಿನಿಂದ ಹೋದವಳು ಅವರ ನಡುವೆ ಸಿಕ್ಕಿಕೊಂಡಿದ್ದೆ.

ಆಗ ಒಂದು ಸೀರಿಯಲ್ ಬರುತ್ತಿತ್ತು. ದೆವ್ವ, ರಾಕ್ಷಸರನ್ನು ಬೇಟೆಯಾಡುವ ಹದಿನೇಳರ ಹುಡುಗಿಯ ಕತೆ. ಮೊದಲ ಸೀಸನ್ನಿನಲ್ಲಿ ಅವಳ ಕೈಯಲ್ಲಿ ಕತ್ತಿ, ಎರಡನೆಯದರಲ್ಲಿ ಅಜ್ಜನ ಚೂರಿ. ಮೂರನೇ ಸೀಸನ್ನಿಗೆ ಎಲ್ಲವೂ ಸುಟ್ಟುಹೋಗಿ ಬರಿಗೈ. ಉಳಿದದ್ದು ಒಂದೇ ವಿದ್ಯೆ... ಎದುರಿಗೆ ಬಂದದ್ದನ್ನು ನಿನ್ನ ಹೆಸರೇನು ಅಂತ ಕೇಳುವುದು. ಅದು ಸುಳ್ಳು ಹೇಳುತ್ತದೆ, ಇವಳು ಮತ್ತೆ ಕೇಳುತ್ತಾಳೆ. ಮೂರನೇ ಸಲ ನಿಜವಾದ ಹೆಸರು ಬಾಯಿಗೆ ಬಂದೇ ಬರುತ್ತದೆ. ಬಂದ ಕೂಡಲೇ ಅದು ಬೂದಿ. ಪೂನಮಳಿಗೆ ಆ ಸೀಸನ್ ಅಂದರೆ ಹುಚ್ಚು. ಅವಳ ಅಜ್ಜಿ ಅಂಬೂಬಾಯಿ ಮಾತ್ರ ಒಂದೇ ಕಂತು ನೋಡಿ, "ಈ ಹುಡುಗಿಗಿ ಮನ್ಯಾಗ ಕೆಲಸ ಇಲ್ಲೇನು?" ಅಂದು ಎದ್ದಿದ್ದಳು.

ಮನೆಯ ಟಿವಿಯಲ್ಲಿ ಯಾವಾಗಲೂ ಚಿಕ್ಕಪ್ಪನ ಮರಾಠಿ ಸುದ್ದಿ. ಹಾಗಾಗಿ ಪೂನಮ ದಿನಾ ರಾತ್ರಿ ನೆರೆಯ ವಹೀದಾ ಚಾಚಿಯ ಮನೆಗೆ ಹೋಗಿ ನೋಡುತ್ತಿದ್ದಳು. ಎರಡು ಮನೆಗಳ ನಡುವೆ ಒಂದು ಹೊಲ, ಹೊಲದ ಬದಿಗೆ ಮೆಟ್ಟಿಲ ಬಾವಿ. ಬತ್ತಿ ಆರು ವರ್ಷ. ತಳದಲ್ಲಿ ಜಾಲಿ ಬೆಳೆದಿತ್ತು. ಪೂನಮಳ ಮನೆಯ ಸೊಸೆಯೊಬ್ಬಳು ಬಹಳ ಹಿಂದೆ ಅದರಲ್ಲಿ ಬಿದ್ದು ಸತ್ತಿದ್ದಳು. ಸುಶೀಲಾ ಅಂತ. ಔರಾದದಿಂದ ಮಂತ್ರವಾದಿ ಬಂದು ಸುಶೀಲಾ ಸುಶೀಲಾ ಅಂತ ಕರೆಯುತ್ತ ಬಾವಿಯ ಕಟ್ಟೆಗೆ ಮೊಳೆ ಹೊಡೆದು ಹೋಗಿದ್ದ. ಪ್ರತಿ ವರ್ಷ ಪಿತೃ ಅಮಾವಾಸ್ಯೆಗೆ ಎಡೆ ಇಟ್ಟು ಸುಶೀಲಾ ಬಾ, ಉಣ್ಣು ಅಂತ ಕರೆಯುತ್ತಿದ್ದರು. ಕಾಗೆ ಒಂದು ಸಲವೂ ಆ ಎಡೆ ಮುಟ್ಟಲಿಲ್ಲ.

ಸೀಸನ್ನಿನ ಕೊನೇ ಕಂತಿನ ರಾತ್ರಿ. ಹತ್ತೂವರೆ ಆಗಿತ್ತು. ಚಾಚಿ ಬಾಗಿಲ ತನಕ ಬಂದು, "ಬ್ಯಾಟರಿ ತೊಗೊಂಡ್ ಹೋಗು ಬೇಟಾ," ಅಂದಳು. ಇವಳು ಮೊಬೈಲಿನ ಬೆಳಕು ಸಾಕು ಅಂದಳು.

ಹೊಲದ ನಡುವೆ ಬಂದಾಗ ಸದ್ದು. ಖರ್ರ್... ಹಿತ್ತಾಳೆ ಕೊಡ ಕಲ್ಲಿನ ಮೇಲೆ ಎಳೆದ ಸದ್ದು. ಆಮೇಲೆ ಗುಳುಕ್... ಗುಳುಕ್... ಗುಳುಕ್. ಕೊಡ ತುಂಬುತ್ತಿತ್ತು. ಬತ್ತಿದ ಬಾವಿಯಲ್ಲಿ.

ಅವಳು ಹೆದರಿದಳು. ಅದನ್ನು ಅವಳೇ ಒಪ್ಪಿಕೊಂಡಿದ್ದಾಳೆ, ನಾನೇನೂ ಸೇರಿಸುತ್ತಿಲ್ಲ. ಆದರೆ ಓಡಲಿಲ್ಲ. ಒಂದು ತಿಂಗಳಿಂದ ಎಲ್ಲರ ಮೇಲೆ ಇದ್ದ ಸಿಟ್ಟೆಲ್ಲ ಆ ಹೊತ್ತಿಗೇ ಬಂತಂತೆ. ಬಾವಿಯ ಕಟ್ಟೆಗೆ ಹೋದಳು. ಬೆಳಕು ಕೆಳಗೆ ಬಿಟ್ಟಳು. ಜಾಲಿ, ಕಲ್ಲು, ಒಣ ಮಣ್ಣು. ಯಾರೂ ಇಲ್ಲ.

"ನಿನ್ನ ಹೆಸರೇನು?" ಅಂತ ಕೇಳಿದಳು. ಸೀರಿಯಲ್ಲಿನ ಹುಡುಗಿಯ ಹಾಗೇ.

ಗುಳುಕ್ ನಿಂತಿತು.

"ಹೆಸರು ಹೇಳು."

ಏನೂ ಇಲ್ಲ. ಕೊಡದಿಂದ ಹನಿ ಬೀಳುವ ಸದ್ದು. ಟಪ್... ಟಪ್...

"ಮೂರನೇ ಸಲ ಕೇಳ್ತೇನಿ. ನಿನ್ನ ಹೆಸರು ಏನ್ ಅದಾ?"

ಆಗ ಕೆಳಗಿನಿಂದ, ಬಹಳ ಮೆಲ್ಲಗೆ, ಹೆದರಿದ ಹುಡುಗಿಯ ದನಿ.

"ಯಾವ ಹೆಸರು?"

ಪೂನಮ ಕಟ್ಟೆಯ ಮೇಲಿಂದ ಬಗ್ಗಿದಳು. ಮತ್ತೆ ಅದೇ ದನಿ.

"ತವರಮನಿದು ಹೇಳ್ಲೇನ್ರಿ... ಇಲ್ಲಿದು ಹೇಳ್ಲೇನ್ರಿ?"

ಪೂನಮ ಬಂದು ನನ್ನ ಪಕ್ಕದ ಹಾಸಿಗೆಯಲ್ಲಿ ಕೂತು ಎಲ್ಲ ಹೇಳಿ, ಅಜ್ಜಿಯನ್ನು ಎಬ್ಬಿಸುತ್ತೇನೆ ಅಂದಳು. ನಾನು ಬೆಳಗಾಗಲಿ ಅಂದೆ. ಅವಳು ಕೇಳಲಿಲ್ಲ. ಸೀದಾ ಹೋಗಿ ಅಂಬೂಬಾಯಿಯನ್ನು ಎಬ್ಬಿಸಿದಳು.

"ಆಯಿ, ಸುಶೀಲಾನ ತವರ ಹೆಸರೇನು?"

ಮುದುಕಿ ಎದ್ದು ಕೂತಳು. "ಯಾರ್ ಹೇಳಿದ್ರು ನಿನಗ?"

"ಯಾರೂ ಹೇಳಿಲ್ಲ. ಆಕಿನೇ ಕೇಳಿದ್ಲು. ಯಾವ ಹೆಸರು ಹೇಳ್ಲಿ ಅಂತ."

ಒಳಗೆ ಚಿಕ್ಕಪ್ಪನ ಗೊರಕೆ ಕೇಳುತ್ತಿತ್ತು. ಅಂಬೂಬಾಯಿ ಪಿಸುದನಿಯಲ್ಲಿ ಹೇಳಿದಳು.

"ಆಕಿ ನನ್ನ ನೆಗೆಣ್ಣಿ. ನನ್ನ ಮೈದುನ ಕಾಶೀರಾಮನ ಹೇಣ್ತಿ. ಮೆಹಕರದಾಕಿ. ಹೆಸರು ಹೌಸಾ. ಮದಿವ್ಯಾಗ ಸುಶೀಲಾ ಅಂತ ಇಟ್ರು. ಮದಿವಿ ಆಗಿ ಒಂಬತ್ತು ದಿನ ಆಗಿತ್ತು. ಮುಂಜಾನಿ ಇಬ್ರೂ ನೀರಿಗಿ ಹೋಗಿದ್ವಿ. ಆಕಿ ಮುಂದ, ನಾ ಹಿಂದ. ಕೆಳಗಿನ ಮೆಟ್ಟಿಲ ಕಲ್ಲು ಸಡ್ಲಾಗಿದ್ದು ನನಗ ಕಾಣ್ತು. ಸುಶೀಲಾ ನಿಂದುರು ಅಂತ ಒದರಿದೆ. ಮೂರು ಸಲ ಒದರಿದೆ. ಆಕಿ ತಿರುಗಿ ನೋಡ್ಲಿಲ್ಲ..."

"ಕೇಳಿಸ್ಲಿಲ್ಲೇನು?"

"ಕೇಳಿಸ್ತು. ಆಕಿ ಏನ್ ಕಿವುಡಿ ಅಲ್ಲ. ಸುಶೀಲಾ ಅಂದ್ರ ತಾನೇ ಅಂತ ಆಕಿಗಿ ಇನ್ನಾ ರೂಢಿ ಆಗಿದ್ದಿಲ್ಲ. ಯಾರಿಗೋ ಕರೀಲಾಕತ್ತಾರ ಅಂದ್ಕೊಂಡ್ಲು. ಕಾಲಿಟ್ಲು."

ನನಗೆ ಅಳು ಬಂತು. ಪೂನಮ ಅಳಲಿಲ್ಲ. ಅವಳ ಮುಖ ಕೆಂಪಾಗಿತ್ತು.

"ಅಲ್ಲ ಆಯಿ, ಇಷ್ಟು ವರ್ಷ ಎಡಿ ಇಡ್ಕೋತ ಬಂದ್ರಿ. ಒಂದ್ ಸಲರೆ ಹೌಸಾ ಅಂತ ಕರೀಬೇಕಂತ ಅನಸ್ಲಿಲ್ಲೇನು?"

"ಸೊಸಿ ಮನೀದಾಕಿ. ಮನಿ ಹೆಸರ್ಲೇ ಕರೀಬೇಕು ಅಂದ್ರು ಹಿರೇರು. ನಾ ಬಾಯಿ ಮುಚ್ಕೊಂಡ ಕುಂತೆ."

ಮರುದಿನ ರಾತ್ರಿ ನಾವು ಮೂವರೂ ಹೋದೆವು. ಅಂಬೂಬಾಯಿ ಕೋಲು ಊರಿಕೊಂಡು ಮುಂದೆ, ನಾವು ಹಿಂದೆ. ಬೆಳಕು ಬೇಡ ಅಂದಳು. ಬಾವಿಯ ಕಟ್ಟೆಗೆ ಹೋಗಿ ನಿಂತೆವು. ಮೊದಲು ಬರೀ ಜೀರುಂಡೆ. ಆಮೇಲೆ ಖರ್ರ್... ನನಗೂ ಕೇಳಿಸಿತು. ಈ ಎರಡೂ ಕಿವಿಗಳಿಗೆ. ಗುಳುಕ್... ಗುಳುಕ್... ನಾನು ಪೂನಮಳ ರಟ್ಟೆ ಹಿಡಿದುಕೊಂಡೆ. ನನ್ನ ಉಗುರು ಅವಳ ಕೈಗೆ ನಾಟಿದ್ದು ಆಮೇಲೆ ಗೊತ್ತಾಯಿತು.

"ನಾ ಕರೀಲೇನು?" ಅಂದಳು ಪೂನಮ.

"ಬ್ಯಾಡ. ಅವತ್ತ ತಪ್ಪು ಕರ್ದಾಕಿ ನಾ. ಇವತ್ತೂ ನಾನೇ ಕರೀತೇನಿ."

ಮುದುಕಿ ಎರಡು ಸಲ ಬಾಯಿ ತೆರೆದಳು. ಮೂರನೇ ಸಲ ದನಿ ಬಂತು.

"ಹೌಸಾ... ನಿಂದುರು ತಂಗೀ."

ಗುಳುಕ್ ನಿಂತಿತು. ಜೀರುಂಡೆಯೂ ನಿಂತಿತು.

"ಓ..."

ಅಷ್ಟೇ. ಹಿತ್ತಿಲಲ್ಲಿ ಇರುವ ಹುಡುಗಿ ಅವ್ವ ಕರೆದರೆ ಅನ್ನುತ್ತಾಳಲ್ಲ, ಹಾಗೆ. ಆಮೇಲೆ ಮೆಟ್ಟಿಲು ಹತ್ತುವ ಒದ್ದೆ ಪಾದ. ಪಚ್... ಪಚ್... ನಾನು ಹನ್ನೊಂದರ ತನಕ ಎಣಿಸಿದೆ. ಮೇಲೆ ಬಂತು. ನಮ್ಮ ಮೂವರ ನಡುವೆಯೇ ಹಾದು ಹೋಯಿತು. ತಂಪು ತಾಗಿತು. ಕಾಣಲಿಲ್ಲ ಏನೂ. ಕಂಡೆ ಅಂತ ನಾನು ಸುಳ್ಳು ಹೇಳುವುದಿಲ್ಲ.

"ತವರಿಗಿ ಹೋಗ್ತಿಯೇನ್ ಹೌಸಾ? ಹೋಗವಾ. ಹಿಂದ ನೋಡಬ್ಯಾಡ," ಅಂದಳು ಅಂಬೂಬಾಯಿ.

ಪಾದದ ಸದ್ದು ಮೆಹಕರದ ಹಾದಿ ಹಿಡಿಯಿತು. ಬೂದಿಯೂ ಇಲ್ಲ, ಬೆಂಕಿಯೂ ಇಲ್ಲ. ಸೀರಿಯಲ್ಲಿನವರಿಗೆ ದೆವ್ವದ ವಿಷಯ ಗೊತ್ತಿಲ್ಲ ಅಂತ ಪೂನಮ ಇವತ್ತಿಗೂ ಬೈಯುತ್ತಾಳೆ.

ಮನೆಗೆ ಬರುವಾಗ ಅವಳು ಕೇಳಿದಳು, "ಮತ್ತ ನಿನ್ನ ಹೆಸರು, ಆಯಿ? ಅಂಬೂಬಾಯಿ ತವರಿಂದು ಅಲ್ಲಲ್ಲ?"

ಮುದುಕಿ "ತಡಿ, ನೆನಪ ಮಾಡ್ಕೋತೇನಿ," ಅಂದಳು. ಆಮೇಲೆ ಪೂನಮಳ ಕಿವಿ ಹಿಡಿದು ಬಗ್ಗಿಸಿ ಏನೋ ಹೇಳಿದಳು. ಏನು ಹೇಳಿದಳು ಅಂತ ಪೂನಮ ನನಗೂ ಹೇಳಿಲ್ಲ.

ಹದಿನೈದು ದಿನಕ್ಕೆ ಮದುವೆ, ಕಮಲನಗರದಲ್ಲಿ. ಅಕ್ಷತೆ ಬಿತ್ತು, ಊಟಕ್ಕೆ ಎಲೆ ಹಾಕುತ್ತಿದ್ದರು. ತಾಟಿನಲ್ಲಿ ಅಕ್ಕಿ ಹರಡಿ ನನ್ನ ಕೈಗೆ ಕೊಟ್ಟರು. ಅದರಲ್ಲಿ ಗಂಡ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯಬೇಕು. ಪೂನಮ ತಾಟಿನ ಮೇಲೆ ಕೈ ಇಟ್ಟಳು.

"ಅತ್ತಿ, ನಿಮ್ಮ ಮನಿಗಿ ಬರ್ತೇನಿ. ನಿಮ್ಮ ಮಾತು ಕೇಳ್ತೇನಿ. ಆದ್ರ ನನ್ನ ಹೆಸರು ಪೂನಮ. ಬ್ಯಾರೇ ಹೆಸರಿಗಿ ನಾ ಓ ಅನ್ನೂದಿಲ್ಲರಿ."

ಚಿಕ್ಕಪ್ಪ ಎದ್ದು ನಿಂತರು. "ಪೂನಮ, ಕೈ ತಗಿ," ಅಂದರು. ಅಂಬೂಬಾಯಿ ಕೋಲು ಅಡ್ಡ ಹಿಡಿದು, "ನೀ ಕೂಡು ಪ್ರಭಾಕರ," ಅಂದಳು. ಚಿಕ್ಕಪ್ಪ ಕೂತರು. ಎಂಬತ್ತು ದಾಟಿದವಳು ಮಂದಿಯ ಮುಂದೆ ಮೊದಲ ಸಲ ದನಿ ಎತ್ತಿದ್ದು ಅದು.

ಅತ್ತೆಯೂ ಬಿಡುವವರಲ್ಲ. ಪೂನಮಳ ಕೈ ಸರಿಸಿ, "ನಮ್ಮ ಮನಿ ಪದ್ಧತಿ ಅದಾ. ಅಜಿಂಕ್ಯ, ಬರಿ," ಅಂದರು. ಅವನು ಬೆವರುತ್ತ ಬರೆದ. ಅನ್ವಿತಾ. ಉಂಗುರ ಮೇಲೆತ್ತಿದ. ಅಕ್ಕಿ ಸರ್ರ್ ಅಂತು... ಗೀರು ಮುಚ್ಚಿಕೊಂಡಿತು. ತಾಟು ಯಾರೂ ಮುಟ್ಟದ ಹಾಗೆ ಸಪಾಟಾಗಿತ್ತು.

"ಸರಿಯಾಗಿ ಹಿಡಿ ಮಂಜಿರಿ," ಅಂದರು ಅತ್ತೆ ನನಗೆ. ಎರಡನೇ ಸಲ ಬರೆದ. ಸರ್ರ್... ಮೂರನೇ ಸಲ ಅತ್ತೆ ತಾವೇ ಉಂಗುರ ತೆಗೆದುಕೊಂಡು ತಳ ಕಾಣುವಂತೆ ಒತ್ತಿ ಬರೆದರು. ಸರ್ರ್... ಅವರ ಮುಖದ ಬಣ್ಣ ಇಳಿಯಿತು.

ಅಜಿಂಕ್ಯ ಅಮ್ಮನ ಕೈಯಿಂದ ಉಂಗುರ ತೆಗೆದು ಪೂನಮಳಿಗೆ ಕೊಟ್ಟ. "ನೀನೇ ಬರಿ," ಅಂದ. ಅವಳು ಪೂನಮ ಅಂತ ಬರೆದಳು. ದೊಡ್ಡದಾಗಿ, ತಾಟಿನ ತುಂಬ.

ಅದು ನಿಂತಿತು.

ಊಟ ಮುಗಿದು ಗಾಡಿ ಹತ್ತುವ ತನಕ ಹಾಗೇ ಇತ್ತು. ಮದುವೆಯ ವಿಡಿಯೋದಲ್ಲಿ ಮೂರು ಸಲ ಬರೆದದ್ದೂ ಇದೆ, ಮೂರು ಸಲ ಮುಚ್ಚಿದ್ದೂ ಇದೆ. ನೋಡಿದವರು ನಾನು ತಾಟು ಅಲುಗಿಸಿದೆ ಅನ್ನುತ್ತಾರೆ. ಅನ್ನಲಿ. ಹಿಡಿದ ಕೈ ನನ್ನದು. ನಾನು ಅಲುಗಿಸಿಲ್ಲ.