ಹುಲಗಪ್ಪನ ಹಿಂದಿನ ಕೈ

ಸಭೆಯ ಅಧ್ಯಕ್ಷರೆ, ಮುಂದಿನ ಸಾಲಿನಲ್ಲಿ ಕುಳಿತಿರುವ ದ್ಯಾಮವ್ವನವರೆ, ಅವರ ಹೆಣ್ಣುಮಕ್ಕಳೆ, ಮಂಡಲ ಪಂಚಾಯ್ತಿಯ ನನ್ನ ಸಹಸದಸ್ಯರೆ, ಭಾಷಣ ಉದ್ದವಾದರೆ ಜಾರಿಕೊಳ್ಳಲು ಬಾಗಿಲ ಹತ್ತಿರವೇ ನಿಂತಿರುವ ಮಹನೀಯರೆ —

ದುಃಖದ ಮಾತಿಗೆ ಮೊದಲು ನಾನೊಂದು ಅಪರಾಧ ಒಪ್ಪಿಕೊಳ್ಳಬೇಕು. ಈ ಫೋಟೋಕ್ಕೆ ಹಾಕಿದ ಮಾಲೆ ಇದೆಯಲ್ಲ — ನೋಡಿ, ಫೋಟೋಗಿಂತ ದೊಡ್ಡದು — ಇದು ಕದ್ದ ಮಾಲು. ಇವತ್ತು ಬೆಳಿಗ್ಗೆ ಕುಳಗೇರಿ ಕ್ರಾಸಿನಲ್ಲಿ ಮಂತ್ರಿಗಳೊಬ್ಬರ ಸ್ವಾಗತಕ್ಕೆ ನಿಂತಿದ್ದೆವು. ಕಾರು ನಿಲ್ಲಲಿಲ್ಲ. ಗಾಜು ಕೂಡ ಇಳಿಯಲಿಲ್ಲ. ಮಾಲೆ ನನ್ನ ತೋಳಿನ ಮೇಲೆ ಉಳಿಯಿತು, ನಾನು ಬಸ್ಸು ಹತ್ತಿದೆ. ಸ್ವಾಗತ ಸಮಿತಿಯವರು ಇಲ್ಲಿದ್ದರೆ ದಯವಿಟ್ಟು ಹುಲಗಪ್ಪನವರ ಕೊರಳಿನಿಂದ ಬಿಡಿಸಿಕೊಂಡು ಹೋಗಿ. ಅವರಿಂದ ಬಿಡಿಸಿಕೊಳ್ಳುವುದು ನಮಗೇನು ಹೊಸದಲ್ಲ.

ಹುಲಗಪ್ಪನವರನ್ನು ಅರಿಯದವರಿಗಾಗಿ ಹೇಳುತ್ತೇನೆ. ಎಂಬತ್ತೇಳರ ಚುನಾವಣೆಯಲ್ಲಿ ಅವರು ಪರಿಶಿಷ್ಟ ಪಂಗಡದ ಮೀಸಲು ಸ್ಥಾನದಿಂದ ನಮ್ಮ ಮಂಡಲಕ್ಕೆ ಆರಿಸಿ ಬಂದರು. ದಾಖಲೆಯಲ್ಲಿ ಅವರ ಜಾತಿ ನಾಯಕ. ಊರ ಬಾಯಲ್ಲಿ ಬ್ಯಾಡ. ನಮ್ಮ ರಾಜಕೀಯವೆಲ್ಲ ಈ ಎರಡು ಶಬ್ದಗಳ ನಡುವೆಯೇ ನಡೆಯಿತು — ನಾಯಕ ಬೇಕು, ಬ್ಯಾಡ ಬ್ಯಾಡ!

ಗೌಡರ ಗುಂಪು, ಸಾವಕಾರರ ಗುಂಪು ಸಮಸಮ ಬಿದ್ದವು. ಯಾರೂ ಸೋಲಬಾರದು ಎಂದು ಇಬ್ಬರೂ ಸೇರಿ ಹುಲಗಪ್ಪನವರನ್ನು ಮಂಡಲದ ಪ್ರಧಾನರನ್ನಾಗಿ ಮಾಡಿದರು. "ಕೊಟ್ಟ ಕಾಗದಕ್ಕ ಸಹಿ ಮಾಡ್ಕೊಂತ ಕುಂದರ್ತಾನ ತಗೋ" ಎಂಬ ಧೈರ್ಯ. ಲೆಕ್ಕ ತಪ್ಪಿದ್ದು ಒಂದೇ ಕಡೆ. ಮನುಷ್ಯ ಸಹಿಗೆ ಮೊದಲು ಕಾಗದ ಓದುತ್ತಿದ್ದ.

ಸರ್ಕಾರದಿಂದ ಒಂದು ಬೋರು ಮಂಜೂರಾಗಿ ಬಂತು. ಬೋರು ಬಂದರೆ ಗೌಡರ ಮನೆ ಮುಂದೆ ಬೀಳಬೇಕು, ಅದು ಭೂಗರ್ಭಶಾಸ್ತ್ರ. ಹುಲಗಪ್ಪನವರು ಹೇಳಿದರು: "ಕೊಡ ಹೊತ್ಕೊಂಡು ಭಾಳ ದೂರ ನಡಿಯೂ ಹೆಣ್ಮಕ್ಕಳು ನಮ್ಮ ಬ್ಯಾಡರ ಓಣಿಯವರು. ಬೋರ್ ಅಲ್ಲೇ ಬೀಳಲಿ."

ಮಾತು ತಪ್ಪು ಎಂದು ಯಾರೂ ಅನ್ನಲಿಲ್ಲ. ಎಲ್ಲರೂ ಕತ್ತು ಚಾಚಿ — ಹೀಗೆ — ಅವರ ಬೆನ್ನಿನ ಹಿಂದೆ ನೋಡಿದರು. "ಇವನ ಹಿಂದ ಯಾರೋ ಅದಾರ!"

ಗೌಡರು ಮಾತಾಡಿದರೆ ಅದು ಗೌಡರ ಮಾತು. ಬಾಗಲಕೋಟೆಯಲ್ಲಿ ಬಿ.ಎ. ಓದಿದ ನಾನು ಮಾತಾಡಿದರೆ ಅದು ನನ್ನ ಮಾತು, ಓದು ಮಾತ್ರ ಪಕ್ಕದ ಹುಡುಗನ ಪೇಪರಿನದು. ಹುಲಗಪ್ಪ ಮಾತಾಡಿದರೆ ಮಾತ್ರ — ಬಾಯಿ ಅವನದು, ಮಾತು ಯಾರದೋ!

ಯಾರದು? ಬಾದಾಮಿಯ ಗುಹೆ ನೋಡಲು ಬಂದಿದ್ದ ಪರದೇಶದ ಹೆಣ್ಣುಮಗಳೊಬ್ಬಳು ಅದೇ ವಾರ ಹುಲಗಪ್ಪನವರ ಮನೆಗೆ ಬಂದು, ಅವರ ತಾಯಿ ಹಾಡಿದ ಬೀಸುವ ಪದಗಳನ್ನು ಟೇಪಿಗೆ ತುಂಬಿಕೊಂಡು, ರೊಟ್ಟಿಯ ಜೊತೆ ನಮ್ಮ ಖಾರ ತಿಂದು, ಕಣ್ಣೀರು ಸುರಿಸುತ್ತ ಹೋಗಿದ್ದಳು. ಅಷ್ಟು ಸಾಕಾಯಿತು. ನಮ್ಮ ಅಂದಾನಪ್ಪ — ಅಲ್ಲಿ ಕಂಬದ ಮರೆಯಲ್ಲಿ ಕುಳಿತಿದ್ದಾನೆ, ಏಳಬೇಡ ಅಂದಾನಪ್ಪ — ಸೀರೆ ನೇಯಲು ಇಳಕಲ್ಲಿನಿಂದ ನೂಲು ತರುತ್ತಾನೆ. ಸುದ್ದಿಯ ನೂಲು ಮಾತ್ರ ಸ್ವಂತದ್ದು. ಊರಲ್ಲಿ ಏನೇ ಸುದ್ದಿ ಹುಟ್ಟಲಿ, "ಯಾರು ಅಂದಾನಪ್ಪಾ?" ಎಂದು ಕೇಳಿ. ಪ್ರಶ್ನೆಯಲ್ಲೇ ಉತ್ತರವಿದೆ.

ಪಂಚಾಯ್ತಿಯ ಎದುರಿಗೆ ಶಾಬುದ್ದೀನನ ಚಹಾದಂಗಡಿ. ಅಲ್ಲಿ ಊಹೆ ಅಂದಾನಪ್ಪನದು, ಅವಲಕ್ಕಿಯ ಪೋಹೆ ಶಾಬುದ್ದೀನನದು. ಎರಡೂ ಸೇರಿ ಊಹಾಪೋಹ.

"ಪರದೇಶಿ ಕೈ ಐತ್ರಿ ಇವನ ಹಿಂದ," ಎಂದ ಅಂದಾನಪ್ಪ. "ಬೋರ್ ನೀರಿಗಲ್ಲ. ಅವರ ಮುತ್ಯಾಗೋಳು ಇಂಗ್ರೇಜರಿಗೆ ಕೊಡದಂಗ ಹುಗದಿಟ್ಟ ಬಂದೂಕ ಅದಾವ ಕೆಳಗ. ಅವನ್ನ ತಗೀತಾರ!"

"ಅಲ್ಲಲೇ, ಇಷ್ಟಗಲದ ಪೈಪಿನ್ಯಾಗ ಬಂದೂಕ ಹೆಂಗ ಬರ್ತಾವ?" ಎಂದೆ.

"ನಿಂತು ಬರ್ತಾವ್ರಿ, ಬಸಯ್ಯನವರ. ಅಡ್ಡಡ್ಡ ಬರಾಕ ಅವೇನ ಎಮ್ಮಿ ಏನ್ರಿ?"

ಮುಂದಿನ ಸಭೆಗೆ ಹುಲಗಪ್ಪನವರು ಬಂದವರೇ ಖುರ್ಚಿಯನ್ನು ಎಳೆದು ಗೋಡೆಗೆ ಹಚ್ಚಿ ಕುಳಿತರು. "ನೋಡ್ರಪಾ, ಈಗ ನನ್ನ ಹಿಂದ ಗ್ವಾಡಿ ಒಂದ ಐತಿ." ಸಂಜೆಗೆ ಹೊಸ ಸುದ್ದಿ: "ಗ್ವಾಡಿ ಹಿಂದ ಯಾರದಾರ?" ಗೋಡೆಯ ಹಿಂದೆ ದನದ ದವಾಖಾನಿ. ಪಾಪ, ಅಲ್ಲಿನ ಡಾಕ್ಟರು ಎತ್ತಿನ ಕಿವಿ ನೋಡಲು ಬಗ್ಗಿದರೂ ಸಾಕು — "ಏನೋ ಹೇಳಿಕೊಟ್ರು ನೋಡ್ರಿ!"

ನಗಿ, ನಗಿ. ನಾವು ಆಗಲೂ ನಕ್ಕೆವು. ನಗುತ್ತಿದ್ದಾಗಲೇ ಅವಿಶ್ವಾಸದ ಠರಾವು ಬಂತು. ಹುಲಗಪ್ಪನವರು ದುಡ್ಡು ಏನಾದರೂ ತಿಂದಿದ್ದರೇನು? ಇಲ್ಲ. ಅವರು ಚಹಾದ ಜೊತೆ ಪೋಹೆ ಕೂಡ ತಿನ್ನುತ್ತಿರಲಿಲ್ಲ. ಠರಾವಿನಲ್ಲಿದ್ದ ಕಾರಣ ಒಂದೇ — ಪ್ರಧಾನರ ಹಿಂದೆ ಯಾರೋ ಇದ್ದಾರೆ. ಒಂದು ಹೆಸರು ಬರೆದಿದ್ದರೆ ಅವರು "ಅಲ್ಲ" ಎನ್ನಬಹುದಿತ್ತು. "ಯಾರೋ" ಎಂಬ ಮನುಷ್ಯನನ್ನು ಯಾವ ಸಾಕ್ಷಿ ತಂದು ಇಲ್ಲವೆನ್ನುವುದು?

ಠರಾವಿನ ಪರ ಕೈಗಳು ಎದ್ದವು. ಜೋಳದ ಹೊಲದ ಹಾಗೆ ಎದ್ದವು. ಆಮೇಲೆ ಸಭೆ ನಡೆಸಲು ಬಂದ ಅಧಿಕಾರಿಗಳು, "ಪ್ರಧಾನರ ಪರ ಇರುವವರು?" ಎಂದರು. ಒಂದು ಕೈ ಎದ್ದಿತು. ಒಂದೇ. — ಈ ಕೈ!

ಜಂಬ ಎನ್ನಿ, ಪರವಾಗಿಲ್ಲ. ಈ ಕೈಯ ಸುದ್ದಿ ಇಳಕಲ್ಲಿನವರೆಗೂ ಹೋಯಿತು. ಹುನಗುಂದದಲ್ಲಿ ವಕೀಲರೊಬ್ಬರು ರಸ್ತೆಯಲ್ಲಿ ನಿಲ್ಲಿಸಿ ಕುಲುಕಿದರು. ಆ ದಿನ ಹುಲಗಪ್ಪನವರು ಹೊರಗೆ ಬಂದು ಇದೇ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಹೇಳಿದರು: "ನನ್ನ ಹಿಂದ ಯಾರದಾರ ಅಂತ ಕೇಳತಿದ್ರಲ್ಲ, ಬಸಯ್ಯನವರ — ಇವತ್ತ ನನಗೂ ಗೊತ್ತಾತು ನೋಡ್ರಿ."

ಬೋರಿನ ಲಾರಿ ಬ್ಯಾಡರ ಓಣಿಯ ತಿರುವಿನಲ್ಲೇ ಗೌಡರ ಮನೆ ಕಡೆ ಹೊರಳಿ ಹೋಯಿತು. ಅಲ್ಲಿನ ಕೊಡಗಳು ಇವತ್ತು ಬೆಳಿಗ್ಗೆಯೂ ದೂರದ ಬಾವಿಗೇ ಹೋಗಿ ಬಂದಿವೆ. ಹುಲಗಪ್ಪನವರು ಬರೀ ಸದಸ್ಯರಾಗಿ ಉಳಿದು, ಪ್ರತಿ ಸಭೆಯಲ್ಲೂ ಆ ಬೋರು ಕೇಳಿದರು. ಕೇಳುತ್ತಲೇ ಇದ್ದಾಗ ಕಾಮಾಲೆ ಬಂತು.

ಈ ಸಭೆಯ ಕರಪತ್ರದಲ್ಲಿ ಅಚ್ಚಾಗಿದೆ: "ಮೃತರ ಹಿಂದೆ ಪತ್ನಿ ಹಾಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ." ಓದಿದೆಯೇನಪ್ಪ ಅಂದಾನಪ್ಪ? ಹಿಂದೆ ಯಾರಿದ್ದಾರೆ ಎಂಬುದು ಕೊನೆಗೂ ಬಹಿರಂಗವಾಯಿತು.

ಈಗ ಆ ಸ್ಥಾನ ಖಾಲಿ ಇದೆ. ಉಪಚುನಾವಣೆಗೆ ಅವರ ಪತ್ನಿ ದ್ಯಾಮವ್ವನವರು ನಿಲ್ಲುತ್ತಾರೆ. ಅರ್ಜಿ ಇನ್ನೂ ಬರೆದಿಲ್ಲ, ಆಗಲೇ ಚಹಾದಂಗಡಿಯಲ್ಲಿ — "ಆಕಿ ಹಿಂದ ಯಾರದಾರ?" ನಿನ್ನೆ ಆಕೆ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತು ಹೇಳಿದರು: "ಅವರಿಗೆ ಕೈ ಎತ್ತಿದವರು ನೀವೊಬ್ಬರ ನೋಡ್ರಿ. ನನ್ನ ಅರ್ಜಿಗೂ ಸೂಚಕರು ನೀವ ಆಗ್ರಿ. ಬ್ಯಾರೆಯವರ ಸಹಿ ನನಗ ಬ್ಯಾಡ."

ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ದ್ಯಾಮವ್ವಾ, ನೀವು ನಂಬಿಕೊಂಡು ಬಂದ ಕೈಯ ಪೂರ್ವಾಪರ ನಿಮಗೆ ತಿಳಿದಿರಲಿ. ಆ ದಿನ ನಾನು ಠರಾವಿನ ಪರ ಕೈ ಎತ್ತಲಿಲ್ಲ, ಖರೆ. ಹುಲಗಪ್ಪನವರ ಪರವೂ ಎತ್ತುವವನಿರಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು, ಮೇಲೆ ಭದ್ರವಾಗಿ ಕುಳಿತಿದ್ದೆ. ಅಧಿಕಾರಿಗಳು "ಪ್ರಧಾನರ ಪರ ಇರುವವರು?" ಎನ್ನುವುದಕ್ಕೂ, ಶಾಬುದ್ದೀನ ಕಿಟ್ಲಿ ಹಿಡಿದು ಬಾಗಿಲಲ್ಲಿ ಬಂದು "ಯಾರಿಗೆ?" ಎಂದು ಹುಬ್ಬು ಹಾರಿಸುವುದಕ್ಕೂ ಸರಿಹೋಯಿತು.

ನಾನು ಕೈ ಎತ್ತಿದೆ.

ಚಹಾಕ್ಕೆ.

ಅಧಿಕಾರಿಗಳು ಬರೆದುಕೊಂಡರು. ಹುಲಗಪ್ಪನವರು ಬಂದು ಕೈ ಹಿಡಿದಾಗ ನಿಜ ಹೇಳೋಣವೆಂದು ಬಾಯಿ ತೆರೆದೆ — ಆದರೆ ಅವರು ಅಷ್ಟು ಸಂತೋಷವಾಗಿದ್ದರು, ನನಗೂ ನಾನು ಒಳ್ಳೆಯವನಾಗಿ ಕಂಡೆ. ಬಾಯಿ ಮುಚ್ಚಿದೆ.

ಈಗ ಎಲ್ಲರೂ ಎದ್ದು ನಿಲ್ಲಿ. ಹುಲಗಪ್ಪನವರಿಗಾಗಿ ಸ್ವಲ್ಪ ಹೊತ್ತು ಸುಮ್ಮನಿರೋಣ — ಅಂದಾನಪ್ಪ, ನೀನೂ. ಕೈಗಳು ಕೆಳಗಿರಲಿ, ಶಾಬುದ್ದೀನ ಬಾಗಿಲಲ್ಲೇ ಇದ್ದಾನೆ.