ಪಾದ್ರಿ ಬಾರಿಸಿದ ಓಟಿನ ಗಂಟೆ

ಇದು ನಮ್ಮ ಮೆಕ್ಸಿಕೊದಲ್ಲಿ, ನಮ್ಮೂರಲ್ಲೇ ನಡೆದದ್ದು. ಸುಳ್ಳಾದ್ರೆ ನನ್ನ ಮೀಸೆ ಉದುರಿಹೋಗ್ಲಿ. ಜೋಳದ ರೊಟ್ಟಿ ಅಂಗಡಿ ಸಾಲಲ್ಲಿ ಮೇಷ್ಟ್ರ ವಿಧವೆ ಬ್ರಿಹಿದಾ ನಿಂತಿದ್ಳು. ಹಿಂದಿನಿಂದ ಹೊಸ ಮೇಯರ್ ತಾಯಿ ಒಫೆಲಿಯಾ ಬಂದು ಭುಜ ತಟ್ಟಿದ್ಳು.

“ಬ್ರಿಹಿದಾ ಅಮ್ನೋರೇ, ನನ್ನ ಮಗನ ಗೆಲುವು ರದ್ದು ಮಾಡ್ಸೋಕೆ ಕೋರ್ಟಿಗೆ ಹೋಗಿದೀರಂತೆ?”

“ಹೂಂ ಕಣಮ್ಮ. ಅವನು ಓಟು ಕೇಳೋಕೆ ಬಂದಾಗ ಪಾದ್ರಿ ಚರ್ಚ್ ಗಂಟೆ ಬಾರಿಸಿದ್ರಲ್ಲ? ಆ ಸದ್ದಿಗೆ ಪಕ್ಕದೂರಿನ ಕೋಳಿಗಳು ಇನ್ನೂ ಮೊಟ್ಟೆ ಇಟ್ಟಿಲ್ಲ.”

“ಒಂದು ಗಂಟೆಗೆ ಇಷ್ಟೊಂದು ಹಟಾನಾ?”

“ಚರ್ಚು ಬೇರೆ, ಸರ್ಕಾರ ಬೇರೆ ಅಂತ ಸಂವಿಧಾನದಲ್ಲೇ ಇದೆ. ನನ್ನ ಗಂಡ ಶಾಲೇಲಿ ಅದನ್ನೇ ಹೇಳಿಕೊಟ್ರು ಅಂತ, ಅವರು ಸತ್ತಾಗ ನಿಮ್ಮ ಪಾದ್ರಿ ಗಂಟೆ ಮುಟ್ಲಿಲ್ಲ. ಮರೆತ್ಯಾ?”

ಒಫೆಲಿಯಾ ದನಿ ತಗ್ಗಿಸಿದ್ಳು. “ಕೇಸು ವಾಪಸ್ ತಗೊಳ್ಳಿ. ನಾಳೆ ನಿಮ್ಮ ಯಜಮಾನ್ರ ಹೆಸರಲ್ಲಿ ದಿನವಿಡೀ ಗಂಟೆ ಬಾರಿಸ್ತಾರಂತೆ. ಪಾದ್ರಿನೇ ಹೇಳಿ ಕಳಿಸಿದಾರೆ.”

ಬ್ರಿಹಿದಾಗೆ ನಾಲಿಗೆ ಮೇಲೆ ಬೆಲ್ಲ ಕರಗಿದಂಗಾಯ್ತು.

“ಧಾರಾಳವಾಗಿ ಬಾರಿಸ್ಲಿ. ಮೇಯರ್ ಕುರ್ಚಿ ಉಳಿಸೋಕೆ ಚರ್ಚು ಮತ್ತೆ ಗಂಟೆ ಹೊಡೀತು ಅಂತ ಅದನ್ನೂ ಜಡ್ಜಿಗೆ ಹೇಳ್ತೀನಿ.”

ರೊಟ್ಟಿ ಕಟ್ಟು ಇಸ್ಕೊಂಡು ಮನೆ ಕಡೆ ಹೊರಟಳು. ಒಫೆಲಿಯಾ ರೊಟ್ಟಿ ಬಿಟ್ಟು, ಪಾದ್ರಿನ ತಡೆಯೋಕೆ ಚರ್ಚ್ ಕಡೆ ಓಡಿದ್ಳು.

ಅಂದಹಾಗೆ, ಮರುಚುನಾವಣೆ ಆದ್ರೆ ನನ್ನ ಭಾಮೈದ ನಿಲ್ತಾನೆ. ಇಷ್ಟೆಲ್ಲ ಪುಕ್ಕಟೆ ಕೇಳಿದೀರಿ, ನಿಮ್ಮನೇಲಿ ಎಷ್ಟು ಓಟಿದೆ ಹೇಳಿ ನೋಡೋಣ.