ಪೂರ್ತಿ ಎತ್ತಿದ ಕೈ

ವಿಮಾನ ನಿಲ್ದಾಣದ ನೌಕರರ ಗಾಯ ಪರಿಹಾರ ಕಚೇರಿಯಲ್ಲಿ, ವೈದ್ಯರ ಕೋಣೆಯ ಹೊರಗಿನ ಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಗಂಡ, ಇಳಿದ ವಿಮಾನಗಳನ್ನು ಕೈಸನ್ನೆಯಿಂದ ಕರೆದು ನಿಲ್ಲಿಸುತ್ತಿದ್ದವನು.

“ಹೋದ ಸಲದ ಹಾಗೆ ಮಾಡ್ಬೇಡಿ. ಕೈ ಎತ್ತಿ ಅಂದ್ರೆ, ನೋವು ಬಂದಲ್ಲಿ ನಿಲ್ಲಿಸಿ.”

“ಅವ್ರು ಹಾಗನ್ಲಿಲ್ಲ ಕಣೆ. ವಿಮಾನ ಹೇಗೆ ಕರೀತಿದ್ರಿ ತೋರ್ಸಿ ಅಂದ್ರು.”

“ನೀವು ಹಲ್ಲು ಕಚ್ಕೊಂಡು ಎರಡೂ ಕೈ ತಲೆ ಮೇಲೆತ್ತಿದ್ರಿ. ಭುಜ ವಾಸಿಯಾಗಿದೆ ಅಂತ ಪರಿಹಾರ ನಿಲ್ಸಿದ್ರು.”

“ಅರ್ಧ ಎತ್ತಿದ್ರೆ ಪೈಲಟ್‌ಗೆ ಏನು ತಿಳಿಯುತ್ತೆ?”

“ಆ ಕೋಣೇಲಿ ಪೈಲಟ್ ಎಲ್ಲಿದ್ದ?”

ಅವನು ನಕ್ಕ. “ಮಗಳು ಮೊದಲ ಹೆಜ್ಜೆ ಇಟ್ಟಾಗಲೂ ಹೀಗೇ ಕರೆದಿದ್ದೆ, ನೆನಪಿದ್ಯಾ?”

“ನೆನಪಿಲ್ದೆ ಏನು! ನೀವು ಕೈ ಅಡ್ಡ ಹಿಡಿದ್ರೆ ಗಕ್ಕನೆ ನಿಂತ್ಬಿಡೋಳು. ನಾನು ಗಂಟಲು ಹರ್ಕೊಂಡ್ರೂ ನಿಲ್ತಿರ್ಲಿಲ್ಲ.”

“ಅಷ್ಟು ದೊಡ್ಡ ವಿಮಾನಾನೂ ಹಾಗೇ ನಿಲ್ತಿತ್ತು. ಪೈಲಟ್ ಕಿಟಕಿಯಿಂದ ಒಂದು ಸಲಾಮು ಹೊಡೀತಿದ್ದ.”

“ಗೊತ್ತು. ಮನೆಗೆ ಬಂದು ದಿನಾ ಹೇಳ್ತಿದ್ರಲ್ಲ.”

ನರ್ಸ್ ಬಾಗಿಲು ತೆರೆದು ಅವರನ್ನು ಕರೆದಳು. ಅವನು ಎದ್ದವನು ಅಲ್ಲೇ ನಿಂತ.

“ಈವತ್ತೂ ತೋರ್ಸಿ ಅಂದ್ರೆ?”

“ನೋವು ಬಂದಲ್ಲಿ ನಿಲ್ಲಿಸಿ. ಈಗ ಯಾವ ವಿಮಾನಾನೂ ಬರ್ತಿಲ್ಲ ಕಣ್ರೀ.”

ಹೆಂಡತಿ ಅವನ ಎಡಗೈ ಹಿಡಿದುಕೊಂಡಳು. ಇಬ್ಬರೂ ಒಳಗೆ ಹೋದರು.